ಸೋಂಕಿಗೆ ಒಳಗಿನಿಂದಲೇ ತಡೆ: ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಸಾಕಿಕೊಳ್ಳುವ ಬಗೆ

ಮಳೆ ಹಿಡಿದು ಕೆರೆಕಟ್ಟೆಗೆ ಹೊಸ ನೀರು ಬರುವ ಹೊತ್ತಿಗೆ ಮಂಡ್ಯ, ಮೈಸೂರಿನ ಔಷಧಿ ಅಂಗಡಿಗಳ ಗಾಜಿನ ಕಪಾಟಿನಲ್ಲಿ ‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಎಂಬ ಡಬ್ಬಿಗಳು ಸಾಲುಗಟ್ಟುತ್ತವೆ. ಅವುಗಳ ನಡುವೆ ಈಗ ಪ್ರೊಬಯೋಟಿಕ್ ಎಂಬ ಹೆಸರಿನವು ಎದ್ದು ಕಾಣುತ್ತವೆ: ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ಕ್ಯಾಪ್ಸೂಲು, ಪುಡಿ, ಬೆರಳುದ್ದದ ಬಾಟಲಿ. ಕೊಳ್ಳಬೇಕೇ? ಮನೆಯ ಮೊಸರು ಸಾಲದೇ? ಮಗುವಿಗೆ ಕೊಡಬಹುದೇ? ಕೇಳುವವರು ಬಹಳ, ಸಮಾಧಾನವಾಗಿ ಕೂರಿಸಿ ಹೇಳುವವರು ಕಡಿಮೆ.

ನಾನು ಹೇಳುವುದು ಒಂದು ಅನುಕ್ರಮವನ್ನು. ಕರುಳಿನಲ್ಲಿ ಈಗಾಗಲೇ ಇರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಮೊದಲು ಉಳಿಸಿಕೊಳ್ಳಿ. ಆಮೇಲೆ ಅವುಗಳಿಗೆ ಊಟ ಹಾಕಿ. ಅದಾದ ಮೇಲೆ ಮನೆಯಲ್ಲಿ ಹುಳಿ ಬಂದ ಆಹಾರವನ್ನು ದಿನವೂ ಸೇರಿಸಿ. ಕ್ಯಾಪ್ಸೂಲು ಕೊನೆಯದು, ಅದೂ ಗೊತ್ತಾದ ಕಾರಣಕ್ಕೆ ಮಾತ್ರ. ಈ ಅನುಕ್ರಮ ತಿರುವುಮುರುವಾದರೆ ಹಣ ಹೋಗುತ್ತದೆ, ಗುಣ ಕಾಣುವುದಿಲ್ಲ.

ಅವು ಸೋಂಕನ್ನು ತಡೆಯುವುದು ಹೇಗೆ

ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರಲ್ಲಿ ಪ್ರಕಟವಾದ ಲೆಕ್ಕಾಚಾರ ಹೇಳುತ್ತದೆ. ನಮ್ಮ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲಿ ಬೀಡುಬಿಟ್ಟಿವೆ. ಜಾತ್ರೆಗೆ ಹೊರಟ ಬಸ್ಸಿನಲ್ಲಿ ಮೊದಲೇ ಹತ್ತಿದವರು ಸೀಟು ಹಿಡಿದು, ಕಿಟಕಿಯಿಂದ ಟವೆಲ್ಲು ಎಸೆದು, ನಿಲ್ಲುವ ಜಾಗವನ್ನೂ ತುಂಬಿಕೊಂಡರೆ ಆಮೇಲೆ ಬಂದವನಿಗೆ ಕಾಲಿಡಲು ಎಡೆ ಸಿಗುವುದಿಲ್ಲ. ಕಲುಷಿತ ನೀರಿನ ಜೊತೆ ಒಳಹೋದ ಸಾಲ್ಮೊನೆಲ್ಲಾದಂಥ ರೋಗಾಣುವಿನ ಪಾಡೂ ಅದೇ. ಜಾಗ ಇರುವುದಿಲ್ಲ, ತಿನ್ನಲು ಉಳಿದಿರುವುದಿಲ್ಲ, ಸುತ್ತಲಿನ ಆಮ್ಲ ಅದಕ್ಕೆ ಒಗ್ಗುವುದಿಲ್ಲ.

ಈ ತಡೆ ಎಷ್ಟು ಬಲವಾದದ್ದು ಎಂಬುದನ್ನು 1950ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗ ತೋರಿಸಿತು. ಸಾಮಾನ್ಯ ಇಲಿಗೆ ಸಾಲ್ಮೊನೆಲ್ಲಾ ಸೋಂಕು ತಗುಲಿಸಲು ಲಕ್ಷದಷ್ಟು ರೋಗಾಣುಗಳು ಬೇಕಾಗಿದ್ದವು. ಸ್ಟ್ರೆಪ್ಟೊಮೈಸಿನ್ ಎಂಬ ಬ್ಯಾಕ್ಟೀರಿಯಾ ಕೊಲ್ಲುವ ಔಷಧ ಕೊಟ್ಟು ಕರುಳನ್ನು ಬರಿದು ಮಾಡಿದ ಇಲಿಗೆ ಹತ್ತೂ ಬೇಕಾಗಲಿಲ್ಲ. ಇಲಿ ಅದೇ, ರೋಗಾಣುವೂ ಅದೇ. ಕರುಳಿನ ನಿವಾಸಿಗಳು ಇಲ್ಲದಿದ್ದುದಷ್ಟೇ ವ್ಯತ್ಯಾಸ.

ಜಾಗ ಕಾಯುವುದರ ಜೊತೆಗೆ ಇನ್ನೂ ಎರಡು ಕೆಲಸಗಳಿವೆ. ನಾವು ಜೀರ್ಣಿಸಿಕೊಳ್ಳಲಾರದ ನಾರನ್ನು ಈ ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲವನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಅದೇ ಮುಖ್ಯ ಆಹಾರ. ಆ ಪದರದ ದಪ್ಪ ಕೇವಲ ಒಂದು ಜೀವಕೋಶದಷ್ಟು. ಅದು ಗಟ್ಟಿಯಾಗಿದ್ದರೆ ರೋಗಾಣು ರಕ್ತಕ್ಕೆ ನುಸುಳುವುದಿಲ್ಲ. ಇನ್ನೊಂದು ಕೆಲಸ ರೋಗನಿರೋಧಕ ಕೋಶಗಳನ್ನು ಪಳಗಿಸುವುದು. ಆ ಕೋಶಗಳಲ್ಲಿ ದೊಡ್ಡ ಪಾಲು ಕರುಳಿನ ಗೋಡೆಯಲ್ಲೇ ಇದೆ. ಯಾವುದರ ಮೇಲೆ ಎಗರಬೇಕು, ಯಾವುದನ್ನು ಸುಮ್ಮನೆ ಬಿಡಬೇಕು ಎಂಬುದನ್ನು ಅವು ಇಲ್ಲಿ ಕಲಿಯುತ್ತವೆ. ಬ್ಯಾಕ್ಟೀರಿಯಾ ಒಂದೂ ಸೋಕದಂತೆ ಪ್ರಯೋಗಾಲಯದಲ್ಲಿ ಬೆಳೆಸಿದ ಇಲಿಗಳಲ್ಲಿ ಈ ವ್ಯವಸ್ಥೆ ಅರೆಬರೆಯಾಗಿಯೇ ಉಳಿಯುತ್ತದೆ.

ಆಲೋಚನೆ ಹಳೆಯದು. ರೋಗನಿರೋಧಕ ಶಕ್ತಿಯ ಕುರಿತ ಕೆಲಸಕ್ಕೆ 1908ರಲ್ಲಿ ನೊಬೆಲ್ ಪಡೆದ ಇಲ್ಯಾ ಮೆಚ್ನಿಕಾಫ್ ಮೊಸರಿನ ಬ್ಯಾಕ್ಟೀರಿಯಾ ಆಯುಸ್ಸು ಹೆಚ್ಚಿಸುತ್ತದೆ ಎಂದು ವಾದಿಸಿದ್ದರು. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಸುತ್ತಲಿನವರೆಲ್ಲ ಆಮಶಂಕೆಯಿಂದ ಮಲಗಿದ್ದರೂ ಏನೂ ಆಗದೆ ಉಳಿದ ಸೈನಿಕನೊಬ್ಬನ ಕರುಳಿನಿಂದ ಜರ್ಮನ್ ವೈದ್ಯ ಆಲ್ಫ್ರೆಡ್ ನಿಸ್ಲೆ ಒಂದು ನಿರುಪದ್ರವಿ ಇ. ಕೋಲಿ ತಳಿಯನ್ನು ಬೇರ್ಪಡಿಸಿದರು. ಅದು ಅವರ ಹೆಸರಿನಲ್ಲೇ ಇಂದಿಗೂ ಔಷಧವಾಗಿ ಬಳಕೆಯಲ್ಲಿದೆ.

ಮೊದಲ ಹೆಜ್ಜೆ: ಇರುವುದನ್ನು ಕೊಲ್ಲಬೇಡಿ

“ಅಣ್ಣ, ನೆಗಡಿ, ಮೈಕೈ ನೋವು. ಆ ಮೂರು ದಿನದ ಮಾತ್ರೆ ಇದೆಯಲ್ಲ, ಅದನ್ನೇ ಕೊಡಿ.” ಬಸ್ ನಿಲ್ದಾಣದ ಪಕ್ಕದ ಯಾವ ಔಷಧಿ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಮೂರು ದಿನದ ಆ ಮಾತ್ರೆ ಹೆಚ್ಚಾಗಿ ಅಜಿತ್ರೊಮೈಸಿನ್. ಅದು ಆ್ಯಂಟಿಬಯೋಟಿಕ್, ಎಂದರೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಔಷಧ, ಒಳ್ಳೆಯವನ್ನೂ ಬಿಡುವುದಿಲ್ಲ. ನೆಗಡಿ ಬರುವುದು ವೈರಸ್ಸಿನಿಂದ, ಆ್ಯಂಟಿಬಯೋಟಿಕ್ ವೈರಸ್ಸನ್ನು ಮುಟ್ಟುವುದೂ ಇಲ್ಲ. ಮೂರನೆಯ ದಿನ ನೆಗಡಿ ತಾನಾಗಿ ಇಳಿಯುತ್ತದೆ, ಮಾತ್ರೆಗೆ ಹೆಸರು ಬರುತ್ತದೆ, ಕರುಳಿನಲ್ಲಿ ಆದ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನೂರು ರೂಪಾಯಿಯ ಪ್ರೊಬಯೋಟಿಕ್ ಕೊಂಡು ಕರುಳಿಗೆ ತುಂಬಲು ಹೊರಟವರೇ ವರ್ಷಕ್ಕೆ ಹಲವು ಬಾರಿ ಅದನ್ನು ಬರಿದು ಮಾಡಿಕೊಳ್ಳುತ್ತಿರುತ್ತಾರೆ.

ಆದ್ದರಿಂದ ಮೊದಲು ಮಾಡಬೇಕಾದದ್ದು ಇಷ್ಟು. ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ಕೇಳಬೇಡಿ. ಹೋದ ಸಲ ಉಳಿದ ಮಾತ್ರೆಯನ್ನು ಈ ಸಲದ ಜ್ವರಕ್ಕೆ ನುಂಗಬೇಡಿ, ಪಕ್ಕದ ಮನೆಯ ಮಗುವಿಗೆ ಬರೆದುಕೊಟ್ಟದ್ದನ್ನು ನಿಮ್ಮ ಮಗುವಿಗೆ ಹಾಕಬೇಡಿ. ವೈದ್ಯರು ಬರೆದರೆ, “ಡಾಕ್ಟ್ರೇ, ಇದು ಆ್ಯಂಟಿಬಯೋಟಿಕ್ಕೇ? ಬೇಕೇ ಬೇಕೇ?” ಎಂದು ಕೇಳಲು ಸಂಕೋಚ ಬೇಡ. ಬೇಕೆಂದು ಅವರು ಹೇಳಿದರೆ ಹೇಳಿದಷ್ಟು ದಿನ ತಪ್ಪದೆ ತೆಗೆದುಕೊಳ್ಳಿ. ನ್ಯುಮೋನಿಯಾ, ಟೈಫಾಯ್ಡ್, ಕ್ಷಯ ಇವಕ್ಕೆ ಮೊಸರು ಮದ್ದಲ್ಲ. ಅಲ್ಲಿ ಆ್ಯಂಟಿಬಯೋಟಿಕ್ ಜೀವ ಉಳಿಸುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್ ಜಾತಿಯ ಮಾತ್ರೆಗಳನ್ನು ಹಾಲು, ಮೊಸರು, ಮಜ್ಜಿಗೆಯ ಜೊತೆ ನುಂಗಬಾರದು. ಹಾಲಿನ ಕ್ಯಾಲ್ಸಿಯಂ ಮಾತ್ರೆಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಮಾತ್ರೆಗೂ ಮೊಸರನ್ನಕ್ಕೂ ನಡುವೆ ಎರಡು ಗಂಟೆ ಬಿಡಿ. ‘ಮಾತ್ರೆ ಉಷ್ಣ, ಜೊತೆಗೆ ಮಜ್ಜಿಗೆ ಕುಡಿ’ ಎಂದು ಮನೆಯ ಹಿರಿಯರು ಹೇಳಿದರೆ ಮಜ್ಜಿಗೆಯನ್ನು ಸ್ವಲ್ಪ ತಡಮಾಡಿ ಕುಡಿದರಾಯಿತು.

ಎರಡನೆಯ ಹೆಜ್ಜೆ: ಒಳಗಿರುವವುಗಳಿಗೆ ಊಟ

ಈ ವಿಷಯದಲ್ಲಿ ನಮ್ಮ ಸೀಮೆಯವರು ಪುಣ್ಯವಂತರು. ಅಡುಗೆಮನೆಯ ಡಬ್ಬಿಗಳಲ್ಲಿ ಬೇಕಾದದ್ದೆಲ್ಲ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 3 ಗ್ರಾಮಿಗಿಂತ ಕಡಿಮೆ. ರಾಗಿ ಹಿಟ್ಟನ್ನು ನುಣ್ಣಗೆ ಜರಡಿ ಹಿಡಿದು ತೌಡು ಎಸೆಯದಿದ್ದರೆ ಸಾಕು. ಒಂದು ಮುದ್ದೆ, ಅದರ ಜೊತೆ ಹುರುಳಿ ಕಾಳಿನ ಸಾರೋ ಅವರೆಕಾಳೋ ಬಸ್ಸಾರೋ ಇದ್ದ ಮಧ್ಯಾಹ್ನದ ಊಟ ನಿಮ್ಮ ಹೊಟ್ಟೆಯನ್ನೂ ತುಂಬುತ್ತದೆ, ಕರುಳಿನ ಬ್ಯಾಕ್ಟೀರಿಯಾಗಳನ್ನೂ ಸಾಕುತ್ತದೆ. ಈರುಳ್ಳಿ, ಬೆಳ್ಳುಳ್ಳಿಗಳಲ್ಲಿ ಅವುಗಳಿಗೆ ಬಲು ಪ್ರಿಯವಾದ ನಾರಿದೆ. ಬಾಳೆಹಣ್ಣು ಪೂರ್ತಿ ಕಳಿತು ಮೆತ್ತಗಾಗುವ ಮುಂಚೆ, ತುಸು ಗಟ್ಟಿಯಾಗಿದ್ದಾಗ ತಿಂದರೆ ಜೀರ್ಣವಾಗದೆ ದೊಡ್ಡ ಕರುಳಿನವರೆಗೆ ಇಳಿಯುವ ಪಿಷ್ಟ ಹೆಚ್ಚು ಸಿಗುತ್ತದೆ. ನಂಜನಗೂಡು ರಸಬಾಳೆ ಸಿಕ್ಕರೆ ರುಚಿಗೆ ತಿನ್ನಿ. ಈ ಕೆಲಸಕ್ಕೆ ಯಾವ ಬಾಳೆಯಾದರೂ ಆಗುತ್ತದೆ.

ಒಂದೇ ಬಗೆಯ ನಾರಿಗಿಂತ ಹಲವು ಬಗೆಯದು ಮೇಲು. ವಾರಕ್ಕೆ 30ಕ್ಕೂ ಹೆಚ್ಚು ಬಗೆಯ ಸಸ್ಯಾಹಾರ ತಿನ್ನುವವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚು ಎಂದು ಅಮೆರಿಕದಲ್ಲಿ ಸಾವಿರಾರು ಜನರ ಮಾದರಿಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಮೂವತ್ತು ಎಂದರೆ ಗಾಬರಿಯಾಗಬಹುದು. ಆದರೆ ಸಂತೆಯಲ್ಲಿ ಅಜ್ಜಿಯರು ಗುಡ್ಡೆ ಹಾಕಿಕೊಂಡು ಕೂರುವ ಬೆರಕೆ ಸೊಪ್ಪನ್ನು ನೆನಪಿಸಿಕೊಳ್ಳಿ. ಹೊಲದ ಬದುವಿನಲ್ಲಿ ಬೆಳೆದ ಅಣ್ಣೆ, ಹೊನಗೊನೆ, ಕೀರೆ, ದಂಟು, ಹೆಸರು ಗೊತ್ತಿರುವ ಮತ್ತು ಗೊತ್ತಿಲ್ಲದ ಇನ್ನೂ ನಾಲ್ಕಾರು ಒಂದೇ ಕಟ್ಟಿನಲ್ಲಿರುತ್ತವೆ. ಅದನ್ನು ಬೇಳೆಯ ಜೊತೆ ಬೇಯಿಸಿ, ಈರುಳ್ಳಿ ಬೆಳ್ಳುಳ್ಳಿ ಹಾಕಿ ಮಸ್ಸೊಪ್ಪು ಮಾಡಿದರೆ ಒಂದು ಬಟ್ಟಲಿನಲ್ಲೇ ಹತ್ತು ಬಗೆಯಾಯಿತು.

ನಾರು ತಿಂದು ರೂಢಿಯಿಲ್ಲದವರು ಒಮ್ಮೆಗೇ ಕಾಳು, ಸೊಪ್ಪು, ಮುದ್ದೆ ಎಂದು ಏರಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಎರಡು ಮೂರು ವಾರಗಳಲ್ಲಿ ಹಂತಹಂತವಾಗಿ ಹೆಚ್ಚಿಸಿ, ನೀರು ಚೆನ್ನಾಗಿ ಕುಡಿಯಿರಿ.

ಮೂರನೆಯ ಹೆಜ್ಜೆ: ಜೀವ ಇರುವ ಹುಳಿ

2021ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 36 ಮಂದಿ ಆರೋಗ್ಯವಂತರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಾರಿನ ಆಹಾರವನ್ನೂ ಇನ್ನೊಂದಕ್ಕೆ ಮೊಸರಿನಂಥ ಹುದುಗಿದ ಆಹಾರವನ್ನೂ ಹತ್ತು ವಾರ ಕೊಟ್ಟರು. ಹುದುಗಿದ್ದನ್ನು ತಿಂದವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತವನ್ನು ಸೂಚಿಸುವ 19 ಪ್ರೋಟೀನುಗಳು ಇಳಿದವು. ಅಧ್ಯಯನ ಚಿಕ್ಕದು, ಆದರೂ ಎಚ್ಚರದಿಂದ ಮಾಡಿದ್ದು. ನಮ್ಮ ಮನೆಗಳಲ್ಲಿ ಇದಕ್ಕೆ ಬೇಕಾದ ಪದಾರ್ಥ ಹೆಪ್ಪಿನ ಬಟ್ಟಲಿನಲ್ಲೇ ಇದೆ. ಅದನ್ನು ಸರಿಯಾಗಿ ಮಾಡುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಕೆಡುವುದು ಸಣ್ಣ ಸಣ್ಣ ಕಡೆಗಳಲ್ಲೇ.

ಹಾಲನ್ನು ಉಕ್ಕು ಬರುವವರೆಗೆ ಕಾಯಿಸಿ, ಉರಿ ತಗ್ಗಿಸಿ ಇನ್ನೂ ಐದಾರು ನಿಮಿಷ ಕುದಿಸಿ. ಹಸು ನಿಮ್ಮದೇ ಆಗಿರಲಿ, ಹಾಲು ಈಗತಾನೇ ಕರೆದದ್ದಾಗಿರಲಿ, ಹಸಿ ಹಾಲಿಗೆ ಹೆಪ್ಪು ಹಾಕಬೇಡಿ. ಬ್ರುಸೆಲ್ಲಾದಂಥ ರೋಗಾಣುಗಳು ಹಸಿ ಹಾಲಿನಲ್ಲಿ ಬರುತ್ತವೆ, ಮೊಸರಿನ ಹುಳಿ ಅವನ್ನೆಲ್ಲ ಕೊಲ್ಲುತ್ತದೆ ಎಂದು ನಂಬಿ ಕೂರುವಂತಿಲ್ಲ. ಕಾದ ಹಾಲು ತಣಿದು ಸುಮಾರು 40 ಡಿಗ್ರಿಗೆ ಬರಬೇಕು. ತೊಳೆದ ಕಿರುಬೆರಳನ್ನು ಅದ್ದಿದರೆ ಬೆಚ್ಚಗೆ ಹಿತವಾಗಿರಬೇಕು, ಚುರುಕ್ಕೆನ್ನಬಾರದು. ಹೆಚ್ಚು ಬಿಸಿಯಿದ್ದರೆ ಹೆಪ್ಪಿನ ಬ್ಯಾಕ್ಟೀರಿಯಾ ಸಾಯುತ್ತದೆ. ಪೂರ್ತಿ ಆರಿದ್ದರೆ ಅದು ಮೈಮುರಿದು ಏಳುವಷ್ಟರಲ್ಲಿ ಬೇರೆ ಸೂಕ್ಷ್ಮಜೀವಿಗಳು ಮುಂದೆ ಹೋಗಿರುತ್ತವೆ.

ಅರ್ಧ ಲೀಟರ್ ಹಾಲಿಗೆ ಒಂದು ಟೀ ಚಮಚ ಹೆಪ್ಪು ಸಾಕು. ಹೆಪ್ಪು ನಿನ್ನೆಯದೋ ಮೊನ್ನೆಯದೋ ಆಗಿರಲಿ, ವಾರದ ಹಳೆಯದು ಬೇಡ. ಚಮಚ ಒದ್ದೆಯಿರಬಾರದು, ಊಟದ ಎಂಜಲು ಸೋಕಿರಬಾರದು. ಹೆಪ್ಪನ್ನು ಮೊದಲು ಎರಡು ಚಮಚ ಹಾಲಿನಲ್ಲಿ ಕದಡಿ, ಆಮೇಲೆ ಇಡೀ ಪಾತ್ರೆಗೆ ಬೆರೆಸಿ, ಮುಚ್ಚಿ, ಅಲುಗದ ಕಡೆ ಇಡಿ. ಬೇಸಿಗೆಯಲ್ಲಿ ಐದಾರು ಗಂಟೆಗೆ ಮೊಸರು ಕೂರುತ್ತದೆ. ಡಿಸೆಂಬರ್, ಜನವರಿಯ ಮೈಸೂರಿನ ಚಳಿಯಲ್ಲಿ ಹತ್ತು ಗಂಟೆಯಾದರೂ ಹಾಲು ಹಾಲಾಗಿಯೇ ಇರುತ್ತದೆ. ಆಗ ಪಾತ್ರೆಗೆ ದಪ್ಪ ಟವೆಲ್ಲು ಸುತ್ತಿ ಅಕ್ಕಿ ಡಬ್ಬದೊಳಗೆ ಹೂತಿಡಿ, ಹೆಪ್ಪನ್ನೂ ಅರ್ಧ ಚಮಚ ಹೆಚ್ಚಿಸಿ. ಕೂತ ತಕ್ಷಣ ಫ್ರಿಡ್ಜಿಗೆ ಸೇರಿಸಿದರೆ ಹುಳಿ ಹಿಡಿತದಲ್ಲಿ ಇರುತ್ತದೆ, ಬ್ಯಾಕ್ಟೀರಿಯಾ ಕೆಲವು ದಿನ ಜೀವಂತವಾಗಿರುತ್ತದೆ.

ಮೇಲೆ ನಿಂತ ತಿಳಿಹಳದಿ ನೀರನ್ನು ಚೆಲ್ಲಬೇಡಿ, ಅದರಲ್ಲಿ ಬಿ2 ಜೀವಸತ್ವವಿದೆ. ಆದರೆ ಗುಲಾಬಿಯೋ ಕಿತ್ತಳೆಯೋ ಬಣ್ಣದ ಚುಕ್ಕೆ, ಬೂಷ್ಟಿನ ನಯವಾದ ಕೂದಲು, ಗುಳ್ಳೆಗುಳ್ಳೆಯಾಗಿ ಒಡೆದ ಮೊಸರು, ಕೆಟ್ಟ ವಾಸನೆ ಕಂಡರೆ ಇಡೀ ಪಾತ್ರೆಯನ್ನು ಚೆಲ್ಲಿ. ಮೇಲಿನದನ್ನು ತೆಗೆದು ಕೆಳಗಿನದನ್ನು ಬಳಸುವ ಜಿಪುಣತನ ಇಲ್ಲಿ ಬೇಡ. ಮೊಸರು ಲೋಳೆಲೋಳೆಯಾಗಿ ದಾರದಂತೆ ಎಳೆ ಬಂದರೆ ಹೆಪ್ಪಿನಲ್ಲಿ ಬೇರೆ ಬ್ಯಾಕ್ಟೀರಿಯಾ ಸೇರಿಕೊಂಡಿದೆ ಎಂದರ್ಥ. ಮೊಸರು ಚೆನ್ನಾಗಿ ಕೂರುವ ಮನೆಯಿಂದ ಹೊಸ ಹೆಪ್ಪು ಕೇಳಿ ತನ್ನಿ.

ಇಷ್ಟಾದರೂ ಮೊಸರಿನ ಬಗ್ಗೆ ಅತಿಯಾಗಿ ಹೇಳಬಾರದು. ಹೆಪ್ಪಿನ ಬ್ಯಾಕ್ಟೀರಿಯಾಗಳು ಕರುಳಿನಲ್ಲಿ ಮನೆ ಕಟ್ಟಿಕೊಂಡು ನೆಲೆಸುವುದಿಲ್ಲ. ಬರುತ್ತವೆ, ಕೆಲಸ ಮಾಡುತ್ತವೆ, ಸಾಗಿ ಹೋಗುತ್ತವೆ. ಆದ್ದರಿಂದ ಹಬ್ಬಕ್ಕೊಮ್ಮೆ ಲೀಟರುಗಟ್ಟಲೆ ಕುಡಿಯುವುದಕ್ಕಿಂತ ದಿನಕ್ಕೊಂದು ಬಟ್ಟಲು ಮೇಲು. ಮೊಸರಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಜೀರ್ಣಿಸಲು ನೆರವಾಗುತ್ತದೆ ಎಂಬುದನ್ನು ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಒಪ್ಪಿಕೊಂಡಿತು. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆ ಎಂದು ಕಂಪನಿಗಳು ಮುಂದಿಟ್ಟ ಹೇಳಿಕೆಗಳಲ್ಲಿ ಬಹುತೇಕ ಎಲ್ಲವನ್ನೂ ಸಾಕ್ಷ್ಯ ಸಾಲದೆಂದು ಅದೇ ಸಂಸ್ಥೆ ತಳ್ಳಿಹಾಕಿದೆ. ಮೊಸರು ಒಳ್ಳೆಯ ಊಟ, ದಿನವೂ ತಿನ್ನಿ. ಲಸಿಕೆಯ ಕೆಲಸವನ್ನು ಅದು ಮಾಡುವುದಿಲ್ಲ.

ಬಿಸಿ ತಾಗಿದರೆ ಬ್ಯಾಕ್ಟೀರಿಯಾ ಸಾಯುತ್ತದೆ ಎಂಬುದನ್ನು ಮರೆಯಬೇಡಿ. ಕುದಿಸಿದ ಮಜ್ಜಿಗೆ ಹುಳಿಯಲ್ಲಿ ರುಚಿಯಿದೆ, ಜೀವಂತ ಬ್ಯಾಕ್ಟೀರಿಯಾ ಇಲ್ಲ. ಇಡ್ಲಿ, ದೋಸೆಯದೂ ಅದೇ ಕತೆ. ಲ್ಯೂಕೊನಾಸ್ಟಾಕ್‌ನಂಥ ಬ್ಯಾಕ್ಟೀರಿಯಾಗಳು ರಾತ್ರಿಯಿಡೀ ಹಿಟ್ಟನ್ನು ಉಬ್ಬಿಸಿ ಹುಳಿ ತರಿಸುತ್ತವೆ, ಬೆಳಗ್ಗೆ ಹಬೆಯಲ್ಲಿ ಸಾಯುತ್ತವೆ. ಅವು ಮಾಡಿಟ್ಟ ಕೆಲಸ ಉಳಿದು ಹಿಟ್ಟು ಸುಲಭವಾಗಿ ಜೀರ್ಣವಾಗುತ್ತದೆ. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಶುರುವಾದ ಸಿಎಫ್‌ಟಿಆರ್‌ಐ ಎಂಬ ಆಹಾರ ಸಂಶೋಧನಾ ಸಂಸ್ಥೆಯಲ್ಲಿ ಇಡ್ಲಿ ಹಿಟ್ಟಿನ ಈ ಹುದುಗುವಿಕೆಯ ಬಗ್ಗೆ ದಶಕಗಳ ಹಿಂದೆಯೇ ಅಧ್ಯಯನ ನಡೆದಿದೆ. ಫ್ರಿಡ್ಜಿನ ಹೊರಗೆ ತಿಂಗಳುಗಟ್ಟಲೆ ಇಡಬಹುದಾದ ಪೊಟ್ಟಣದ ಮಜ್ಜಿಗೆಯೂ ಬಿಸಿ ಮಾಡಿ ತುಂಬಿದ್ದು, ಅದನ್ನು ಬಾಯಾರಿಕೆಗೆ ಕುಡಿಯಿರಿ.

ಮೊಸರಿನಷ್ಟೇ ನನಗೆ ಮೆಚ್ಚುಗೆಯಾದದ್ದು ರಾಗಿ ಅಂಬಲಿ. ನಾರು ಮತ್ತು ಜೀವಂತ ಬ್ಯಾಕ್ಟೀರಿಯಾ ಎರಡೂ ಒಂದೇ ಲೋಟದಲ್ಲಿ ಸಿಗುತ್ತವೆ. ಎರಡು ದೊಡ್ಡ ಚಮಚ ರಾಗಿ ಹಿಟ್ಟನ್ನು ಗಂಟಿಲ್ಲದಂತೆ ನೀರಿನಲ್ಲಿ ಕದಡಿ, ಎರಡು ಲೋಟ ಕುದಿಯುವ ನೀರಿಗೆ ಬಿಡುತ್ತಾ ತಿರುವಿ, ಹಸಿ ವಾಸನೆ ಹೋಗುವವರೆಗೆ ಬೇಯಿಸಿ. ಕೆಲವು ಮನೆಗಳಲ್ಲಿ ಕದಡಿದ ಹಿಟ್ಟನ್ನು ರಾತ್ರಿಯೇ ಹುಳಿಯಲು ಬಿಡುತ್ತಾರೆ, ಅದೂ ಒಳ್ಳೆಯದೇ. ಮುಖ್ಯವಾದದ್ದು ಮುಂದಿನ ಕೆಲಸ: ಗಂಜಿ ಪೂರ್ತಿ ಆರಿದ ಮೇಲೆಯೇ ಮಜ್ಜಿಗೆ ಬೆರೆಸಬೇಕು. ಅವಸರದಲ್ಲಿ ಬಿಸಿ ಗಂಜಿಗೆ ಸುರಿದರೆ ಮಜ್ಜಿಗೆಯೂ ಒಡೆಯುತ್ತದೆ, ಬ್ಯಾಕ್ಟೀರಿಯಾವೂ ಸಾಯುತ್ತದೆ. ಉಪ್ಪು, ಹೆಚ್ಚಿದ ಈರುಳ್ಳಿ, ಕರಿಬೇವು ಹಾಕಿ ಕುಡಿಯಿರಿ.

ತಂಗಳನ್ನದ ಬಗ್ಗೆ ಎಚ್ಚರಿಕೆ ಬೇಕು. ಅನ್ನದಲ್ಲಿ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದ ಮೇಲೂ ಉಳಿದಿರುತ್ತವೆ. ಅನ್ನ ಹೊರಗೆ ಬೆಚ್ಚಗೆ ಕೂತಿದ್ದರೆ ಮೊಳೆತು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಉಳಿದ ಅನ್ನವನ್ನು ಬೇಗ ಆರಿಸಿ, ಕುದಿಸಿ ಆರಿಸಿದ ನೀರು ಹಾಕಿ, ಎರಡು ಚಮಚ ಮಜ್ಜಿಗೆ ಬೆರೆಸಿ ಇಡಿ. ಹುಳಿ ಬೇಗ ಏರಿದಷ್ಟೂ ಕೆಟ್ಟವು ತಲೆಯೆತ್ತುವ ಸಾಧ್ಯತೆ ಕಡಿಮೆ. ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಫ್ರಿಡ್ಜಿನಲ್ಲೇ ಇಡಿ. ಪುಟ್ಟ ಮಕ್ಕಳಿಗೆ, ಬಸುರಿಯರಿಗೆ, ತೀರ ವಯಸ್ಸಾದವರಿಗೆ ಹೊರಗಿಟ್ಟ ತಂಗಳು ಬೇಡವೇ ಬೇಡ. ಉಪ್ಪಿನಕಾಯಿಯನ್ನು ನಾನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಉಪ್ಪು, ಖಾರ, ಎಣ್ಣೆ ತುಂಬಿದ ನಮ್ಮ ಮಾವಿನಕಾಯಿಯಲ್ಲಿ ಹುದುಗುವಿಕೆ ಅಲ್ಪ, ರಕ್ತದೊತ್ತಡಕ್ಕೆ ಅಪಾಯ ಹೆಚ್ಚು.

ನಾಲ್ಕನೆಯ ಹೆಜ್ಜೆ: ಕ್ಯಾಪ್ಸೂಲು, ಕಾರಣವಿದ್ದಾಗ

‘ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಒಳಿತು ಮಾಡುವ ಜೀವಂತ ಸೂಕ್ಷ್ಮಾಣು’ ಎಂಬ ಅರ್ಥದಲ್ಲಿ ಪ್ರೊಬಯೋಟಿಕ್ಕನ್ನು 2001ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು ವ್ಯಾಖ್ಯಾನಿಸಿದರು. ಜೀವಂತವಾಗಿರಬೇಕು, ಪ್ರಮಾಣ ಸರಿಯಿರಬೇಕು, ಒಳಿತು ಸಾಬೀತಾಗಿರಬೇಕು. ಡಬ್ಬಿಯನ್ನು ಕೈಗೆತ್ತಿಕೊಂಡಾಗ ಈ ಮೂರನ್ನೂ ಹುಡುಕಿ.

ಲೇಬಲ್ಲಿನಲ್ಲಿ ಬ್ಯಾಕ್ಟೀರಿಯಾದ ಹೆಸರಿನ ಜೊತೆ ತಳಿಯ ಗುರುತೂ ಇರಬೇಕು. ‘ರ‍್ಯಾಮ್ನೋಸಸ್ ಜಿಜಿ’ ಎಂಬಲ್ಲಿ ಜಿಜಿ ಎಂಬುದು ತಳಿ. ಒಂದು ತಳಿ ಮಾಡಿದ ಕೆಲಸವನ್ನು ಅದೇ ಜಾತಿಯ ಇನ್ನೊಂದು ಮಾಡಬೇಕೆಂದಿಲ್ಲ. 2020ರಲ್ಲಿ ಲ್ಯಾಕ್ಟೊಬ್ಯಾಸಿಲಸ್ ಕುಲವನ್ನು ವಿಜ್ಞಾನಿಗಳು ಹಲವು ಕುಲಗಳಾಗಿ ಒಡೆದರು, ಆದ್ದರಿಂದ ಒಂದೇ ಜೀವಿಗೆ ಹಳೆಯ ಡಬ್ಬಿಯಲ್ಲಿ ಒಂದು ಹೆಸರು, ಹೊಸ ಡಬ್ಬಿಯಲ್ಲಿ ಇನ್ನೊಂದು ಇರಬಹುದು. ನಮ್ಮಲ್ಲಿ ಬಹಳ ಮಾರಾಟವಾಗುವ ‘ಲ್ಯಾಕ್ಟೊಬ್ಯಾಸಿಲಸ್ ಸ್ಪೊರೊಜೀನ್ಸ್’ ನಿಜವಾಗಿ ಬ್ಯಾಸಿಲಸ್ ಕೊಯಾಗ್ಯುಲನ್ಸ್, ಹಳೆಯ ತಪ್ಪು ಹೆಸರು ಹಾಗೆಯೇ ಉಳಿದಿದೆ. ಸಂಖ್ಯೆಯನ್ನೂ ನೋಡಿ. ಭಾರತದ ಆಹಾರ ಸುರಕ್ಷತಾ ನಿಯಮದಂತೆ ದಿನದ ಪ್ರಮಾಣದಲ್ಲಿ ಸಾಮಾನ್ಯವಾಗಿ ಕನಿಷ್ಠ 10 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು. ತಯಾರಾದ ದಿನದ ಸಂಖ್ಯೆಗಿಂತ ಅವಧಿ ಮುಗಿಯುವ ದಿನದವರೆಗೆ ಉಳಿಯುವ ಸಂಖ್ಯೆಯನ್ನು ಬರೆದ ಡಬ್ಬಿ ಮೇಲು. ಫ್ರಿಡ್ಜಿನಲ್ಲಿಡಬೇಕೆಂದು ಬರೆದದ್ದು ಅಂಗಡಿಯಲ್ಲಿ ಬಿಸಿಲು ಬೀಳುವ ಕಪಾಟಿನಲ್ಲಿದ್ದರೆ ಕೊಳ್ಳಬೇಡಿ.

ಯಾವುದಕ್ಕೆ ಉಪಯೋಗ? ಆ್ಯಂಟಿಬಯೋಟಿಕ್ಕಿನಿಂದ ಬರುವ ಭೇದಿಯನ್ನು ತಡೆಯಲು ಕೆಲವು ತಳಿಗಳು, ಮುಖ್ಯವಾಗಿ ರ‍್ಯಾಮ್ನೋಸಸ್ ಜಿಜಿ ಮತ್ತು ಸ್ಯಾಕರೊಮೈಸಿಸ್ ಬೌಲಾರ್ಡಿ ಎಂಬ ಯೀಸ್ಟು, ನೆರವಾಗುತ್ತವೆ. ವೈದ್ಯರು ಹೇಳಿದರೆ ಆ್ಯಂಟಿಬಯೋಟಿಕ್ಕಿನ ಜೊತೆಗೇ ಶುರು ಮಾಡಿ, ಬ್ಯಾಕ್ಟೀರಿಯಾದ ಕ್ಯಾಪ್ಸೂಲನ್ನು ಎರಡು ಗಂಟೆ ಬಿಟ್ಟು ತೆಗೆದುಕೊಳ್ಳಿ. ಯೀಸ್ಟಿಗೆ ಆ ಅಂತರ ಬೇಕಿಲ್ಲ, ಅದು ಬ್ಯಾಕ್ಟೀರಿಯಾ ಅಲ್ಲದ್ದರಿಂದ ಆ್ಯಂಟಿಬಯೋಟಿಕ್ ಅದನ್ನು ಕೊಲ್ಲುವುದಿಲ್ಲ. ತಿಂಗಳುಗಟ್ಟಲೆ ಮುಂದುವರಿಸುವುದು ಬೇಡ. ಆ್ಯಂಟಿಬಯೋಟಿಕ್ಕಿನ ನಂತರ ಹಲವು ತಳಿಗಳ ಪ್ರೊಬಯೋಟಿಕ್ ನುಂಗಿದವರಲ್ಲಿ ಅವರ ಸ್ವಂತ ಬ್ಯಾಕ್ಟೀರಿಯಾಗಳು ಮರಳುವುದು ತಿಂಗಳುಗಟ್ಟಲೆ ತಡವಾಯಿತೆಂದು 2018ರಲ್ಲಿ ಇಸ್ರೇಲಿನ ಸಣ್ಣ ಅಧ್ಯಯನವೊಂದು ಕಂಡುಕೊಂಡಿತು.

ಮಕ್ಕಳ ವಾಂತಿಭೇದಿಗೆ ಪ್ರೊಬಯೋಟಿಕ್ ಕೊಡುವುದು ನಮ್ಮಲ್ಲಿ ರೂಢಿ. ಆದರೆ 2018ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಒಟ್ಟು 1,800ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಎರಡು ದೊಡ್ಡ ಪರೀಕ್ಷೆಗಳಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ.

ಹೆಣ್ಣುಮಕ್ಕಳು ಕೇಳಲು ನಾಚುವ ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಯೋನಿಯಲ್ಲಿ ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಆಮ್ಲ ತಯಾರಿಸಿ ಸೋಂಕನ್ನು ದೂರವಿಡುತ್ತವೆ. ಒಳಭಾಗವನ್ನು ಸೋಪು, ಡೆಟಾಲ್, ಪರಿಮಳದ ದ್ರವಗಳಿಂದ ತೊಳೆದರೆ ಆ ಕಾವಲು ಹೋಗುತ್ತದೆ. ಹೊರಗೆ ನೀರಿನಲ್ಲಿ ತೊಳೆದರೆ ಸಾಕು. ವಯಸ್ಸಾಗಿ ಮುಟ್ಟು ಪೂರ್ತಿ ನಿಂತ ಮೇಲೆ ಈ ಬ್ಯಾಕ್ಟೀರಿಯಾಗಳು ಕಡಿಮೆಯಾಗುವುದರಿಂದ ಮೂತ್ರದ ಸೋಂಕು ಮರುಕಳಿಸಬಹುದು. ಅದಕ್ಕೆ ಚಿಕಿತ್ಸೆ ಇದೆ, ಸ್ತ್ರೀರೋಗ ತಜ್ಞರನ್ನು ಕಾಣಿ. ಮೊಸರನ್ನು ಅಲ್ಲಿ ಹಚ್ಚಿಕೊಳ್ಳಬೇಡಿ.

ಹಸುಗೂಸಿಗೆ

ಹುಟ್ಟಿದ ಮಗುವಿಗೆ ಜೇನುತುಪ್ಪ ನೆಕ್ಕಿಸುವುದು, ಸಕ್ಕರೆ ನೀರು, ಹರಳೆಣ್ಣೆ ಹಾಕುವುದು ಇನ್ನೂ ನಿಂತಿಲ್ಲ. ದಯವಿಟ್ಟು ನಿಲ್ಲಿಸಿ. ಒಂದು ವರ್ಷದವರೆಗೆ ಜೇನು ಬೇಡ, ಅದರಲ್ಲಿರಬಹುದಾದ ಬಾಟುಲಿಸಂ ಬೀಜಕಗಳು ಎಳೆಗರುಳಿನಲ್ಲಿ ಮೊಳೆಯಬಲ್ಲವು. ಮೊದಲ ದಿನಗಳ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡಿ, ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ. ತಾಯಿಯ ಹಾಲಿನಲ್ಲಿರುವ ಒಂದು ಬಗೆಯ ಸಕ್ಕರೆಗಳನ್ನು ಮಗು ಜೀರ್ಣಿಸಿಕೊಳ್ಳಲಾರದು. ಅವು ಮಗುವಿನ ಕರುಳಿನ ಬೈಫಿಡೊಬ್ಯಾಕ್ಟೀರಿಯಾಗಳಿಗೆ ಮೀಸಲಾದ ಊಟ.

ಒಡಿಶಾದ 149 ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ ಈ ಇಡೀ ಕ್ಷೇತ್ರಕ್ಕೇ ಭರವಸೆ ಕೊಟ್ಟಿತು. ಎದೆಹಾಲು ಕುಡಿಯುವ ಮಕ್ಕಳಿಗೆ ಒಂದು ವಾರ ಪ್ಲಾಂಟಾರಮ್ ಬ್ಯಾಕ್ಟೀರಿಯಾದ ಆಯ್ದ ತಳಿಯೊಂದನ್ನೂ ಅದರ ಆಹಾರವಾದ ಸಕ್ಕರೆಯನ್ನೂ ಕೊಟ್ಟಾಗ ರಕ್ತದ ನಂಜು (ಸೆಪ್ಸಿಸ್) ಅಥವಾ ಸಾವಿಗೆ ಒಳಗಾದವರ ಪ್ರಮಾಣ ಶೇ 9ರಿಂದ ಶೇ 5.4ಕ್ಕೆ ಇಳಿಯಿತು. ಇದನ್ನು ಓದಿ ಅಂಗಡಿಯಿಂದ ಯಾವುದೋ ಪುಡಿ ತಂದು ಮಗುವಿನ ಬಾಯಿಗೆ ಹಾಕಬೇಡಿ. ತಳಿ ಬೇರೆ, ಪ್ರಮಾಣ ಬೇರೆ. ದಿನ ತುಂಬದೆ ಹುಟ್ಟಿದ ಮಕ್ಕಳಿಗಂತೂ ಪ್ರೊಬಯೋಟಿಕ್‌ನಿಂದಲೇ ರಕ್ತದ ಸೋಂಕು ಆಗಬಹುದು ಎಂದು 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿತು.

ಯಾರು ದೂರವಿರಬೇಕು

ಕ್ಯಾನ್ಸರಿಗೆ ಕೀಮೋ ಪಡೆಯುತ್ತಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು, ಹೆಚ್ಚಿನ ಪ್ರಮಾಣದಲ್ಲಿ ಸ್ಟೀರಾಯ್ಡ್ ತೆಗೆದುಕೊಳ್ಳುವವರು, ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕಿಸಿಕೊಂಡವರು, ತೀವ್ರ ನಿಗಾ ಘಟಕದಲ್ಲಿರುವವರು ವೈದ್ಯರನ್ನು ಕೇಳದೆ ಪ್ರೊಬಯೋಟಿಕ್ ಮುಟ್ಟಬಾರದು. ನೆದರ್ಲೆಂಡ್ಸಿನಲ್ಲಿ ತೀವ್ರ ಮೇದೋಜ್ಜೀರಕ ಗ್ರಂಥಿಯ ಉರಿಯೂತವಿದ್ದ ರೋಗಿಗಳಿಗೆ ಸೋಂಕು ತಡೆಯಲೆಂದು ಪ್ರೊಬಯೋಟಿಕ್ ಕೊಟ್ಟ ಅಧ್ಯಯನದಲ್ಲಿ, ಅದನ್ನು ಪಡೆದವರಲ್ಲಿ ಶೇ 16 ಮಂದಿ, ಪಡೆಯದವರಲ್ಲಿ ಶೇ 6 ಮಂದಿ ಸತ್ತರು. ಅದು 2008ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯಲ್ಲಿರುವ ರೋಗಿಗೆ ನೆಂಟರು ಪ್ರೀತಿಯಿಂದ ತರುವ ಪುಡಿ, ಬಾಟಲಿಗಳನ್ನು ನರ್ಸಮ್ಮನಿಗೆ ತೋರಿಸಿಯೇ ಕೊಡಿ.

ಸೋಂಕು ಬಂದೇಬಿಟ್ಟರೆ

ಭೇದಿ ಶುರುವಾದ ಮನೆಯಲ್ಲಿ ಮೊದಲು ಹುಡುಕಬೇಕಾದದ್ದು ಓಆರ್‌ಎಸ್ ಪೊಟ್ಟಣ. ದೊಡ್ಡ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಹಾಕಿ ಕದಡಿ. ಕಡಿಮೆ ನೀರಿಗೆ ಹಾಕಿ ಗಟ್ಟಿ ಮಾಡಬೇಡಿ, ಸಕ್ಕರೆ ಸೇರಿಸಬೇಡಿ, 24 ಗಂಟೆ ಕಳೆದರೆ ಉಳಿದದ್ದನ್ನು ಚೆಲ್ಲಿ. ಮಗುವಿಗೆ ಚಮಚ ಚಮಚವಾಗಿ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಶುರು ಮಾಡಿ. ಜೊತೆಗೆ ಸತುವಿನ ಮಾತ್ರೆ: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕದಕ್ಕೆ 10 ಮಿಲಿಗ್ರಾಂ, ಭೇದಿ ನಿಂತರೂ 14 ದಿನ. ಓಆರ್‌ಎಸ್, ಸತು ಎರಡನ್ನೂ ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿ. ಎದೆಹಾಲು ನಿಲ್ಲಿಸಬೇಡಿ. ದೊಡ್ಡ ಮಕ್ಕಳಿಗೆ ಮೊಸರನ್ನ, ತೆಳು ಮಜ್ಜಿಗೆ ಕೊಡಬಹುದು.

ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಕಣ್ಣು ಗುಳಿ ಬಿದ್ದರೆ, ಆರು ಗಂಟೆಯಿಂದ ಮೂತ್ರವೇ ಹೋಗದಿದ್ದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಜ್ವರ ಏರುತ್ತಿದ್ದರೆ ಕಾಯಬೇಡಿ. ದಾರಿಯುದ್ದಕ್ಕೂ ಓಆರ್‌ಎಸ್ ಕುಡಿಸುತ್ತಾ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಯಲ್ಲಿ ಏನೇನು ಕೊಟ್ಟಿರಿ, ಯಾವ ಮಾತ್ರೆ ಹಾಕಿದಿರಿ ಎಂಬುದನ್ನು ಮುಚ್ಚಿಡದೆ ಹೇಳಿ, ಪೊಟ್ಟಣಗಳಿದ್ದರೆ ಜೊತೆಗೇ ತೆಗೆದುಕೊಂಡು ಹೋಗಿ.